ಪಹಣಿಯಲ್ಲಿ ಯಾರ ಹೆಸರಿದೆ?



ಈ ವಾರ ಬೀಜ, ಗೊಬ್ಬರದ ಮಾತನ್ನು ಬದಿಗಿಟ್ಟು, ಪೆಟ್ಟಿಗೆಯಲ್ಲಿರುವ ನಿಮ್ಮ ಪಹಣಿಯನ್ನು ತೆಗೆದು ನೋಡಿರಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ? ತೀರಿಕೊಂಡು ಇಪ್ಪತ್ತು ವರ್ಷವಾದ ತಾತನದೇ? ಹಾಗಿದ್ದರೆ ಆ ಹೊಲವನ್ನು ಉಳುತ್ತಿರುವ ನಿಮಗೆ ಸೊಸೈಟಿಯಲ್ಲಿ ಬೆಳೆಸಾಲ ಸಿಗುವುದು ಕಷ್ಟ. ಬೆಳೆನಷ್ಟದ ಪರಿಹಾರಕ್ಕೂ, ಕಿಸಾನ್ ಸಮ್ಮಾನ್ ಯೋಜನೆಯ ವರ್ಷದ 6,000 ರೂಪಾಯಿಗೂ ಇದೇ ತೊಡಕು.

ಇದಕ್ಕೆ ಪೌತಿ ಖಾತೆ ಮಾಡಿಸಬೇಕು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಪಹಣಿಗಳೊಡನೆ ನಾಡಕಚೇರಿಗೆ ಅರ್ಜಿ ಕೊಡಿರಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸುವ ಚಾಳಿ ಇನ್ನೂ ಕೆಲವರಲ್ಲಿದೆ. ಅದು ದಾವೆಗೆ ತಾವೇ ಬೀಜ ಬಿತ್ತಿಕೊಂಡಂತೆ. ಖಾತೆ ಕಂದಾಯದ ಲೆಕ್ಕವೇ ಹೊರತು ಒಡೆತನದ ಪತ್ರವಲ್ಲ. ಹೆಸರು ಬಿಟ್ಟ ಮಾತ್ರಕ್ಕೆ ಅವರ ಹಕ್ಕು ಹೋಗದು.

ಆದರೆ ಯಜಮಾನ ಬದುಕಿರುವಾಗಲೇ ಮಾಡಬೇಕಾದ ಕೆಲಸ ಬೇರೆ ಇದೆ. ಒಬ್ಬ ರೈತ ದುಡಿದು 5 ಎಕರೆ ಕೊಂಡನೆನ್ನಿ. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾದ ಒಬ್ಬ ಮಗಳು. ಏನೂ ಬರೆದಿಡದೆ ಅವನು ಕಣ್ಣು ಮುಚ್ಚಿದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಐವರಿಗೂ ಒಂದೊಂದು ಎಕರೆ. ತಾಯಿಗೂ ಪಾಲುಂಟೆಂಬುದು ಬಹಳ ಜನಕ್ಕೆ ತಿಳಿಯದು. ಮುಂದೆ ಆ ಅಜ್ಜಿಯೂ ಏನೂ ಬರೆಯದೆ ಹೋದರೆ ಅವಳ ಎಕರೆಯಲ್ಲಿ ಚಿಕ್ಕಪ್ಪನಿಗೂ ಸೋದರತ್ತೆಗೂ ಪಾಲು ಬರುತ್ತದೆ. ಬಾವಿ ಇರುವುದು ಆ ಎಕರೆಯಲ್ಲೇ ಆದರೆ? (ಮುಸಲ್ಮಾನ, ಕ್ರೈಸ್ತ ಬಾಂಧವರ ಪಾಲಿನ ಕ್ರಮ ಬೇರೆ, ಅವರು ತಿಳಿದ ವಕೀಲರನ್ನು ಕೇಳತಕ್ಕದ್ದು.)

ಇದನ್ನು ತಪ್ಪಿಸಲು ಒಂದು ಹಾಳೆ ಸಾಕು. ಉಯಿಲಿಗೆ ಛಾಪಾಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದೇ ಲೇಸು. ನೀವು ಸಹಿ ಅಥವಾ ಹೆಬ್ಬೆಟ್ಟು ಹಾಕುವುದನ್ನು ಕಂಡ ಇಬ್ಬರು ಸಾಕ್ಷಿಗಳು ತಾವೂ ಸಹಿ ಮಾಡಬೇಕು. ಸಾಕ್ಷಿಗಳು ಪಾಲು ಪಡೆಯುವವರಾಗದಿರಲಿ, ನಿಮಗಿಂತ ಕಿರಿಯರಾಗಿರಲಿ. ವಯಸ್ಸಾದವರು ಬುದ್ಧಿ ಸ್ಥಿಮಿತದಲ್ಲಿದೆಯೆಂದು ಡಾಕ್ಟರರಿಂದ ಬರೆಸಿಟ್ಟರೆ ಮುಂದೆ ಅನುಕೂಲ. ಮನಸ್ಸು ಬದಲಾದರೆ ಹೊಸದಾಗಿ ಬರೆಯಬಹುದು, ಕೊನೆಯದೇ ಊರ್ಜಿತ.

ಸರ್ವೆ ನಂಬರು, ಹಿಸ್ಸಾ, ಚಕ್ಕುಬಂದಿ ಬರೆದರೆ ಸಾಲದು. ಬಾವಿಯ ನೀರಿನ ಸರದಿ ಯಾರಿಗೆ ಯಾವ ದಿನ, ಹಿಂದಿನ ಹೊಲಕ್ಕೆ ಗಾಡಿ ಹೋಗುವ ದಾರಿ ಎಲ್ಲಿ, ಬದುವಿನ ತೆಂಗು, ಮಾವು ಯಾರದು, ಪಂಪ್‌ಸೆಟ್ಟಿನ ಮೀಟರು ಯಾರ ಹೆಸರಿಗೆ, ಸೊಸೈಟಿಯ ಸಾಲ ತೀರಿಸುವವರಾರು, ಇವೆಲ್ಲ ಬರಲಿ. ಅಣ್ಣತಮ್ಮಂದಿರು ಎಕರೆಗಾಗಿ ಬಡಿದಾಡುವುದಕ್ಕಿಂತ ಹೆಚ್ಚಾಗಿ ನೀರಿಗೂ ದಾರಿಗೂ ಬಡಿದಾಡುತ್ತಾರೆ.

ಪಿತ್ರಾರ್ಜಿತದಲ್ಲಾದರೆ ನಿಮ್ಮ ಪಾಲನ್ನು ಮಾತ್ರ ಬರೆಯಬಹುದು. 2005ರ ತಿದ್ದುಪಡಿಯಿಂದ ಅದರಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮಗಳು ತಾನಾಗಿ ಬಿಟ್ಟುಕೊಟ್ಟರೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಹಬ್ಬಕ್ಕೆ ಕರೆದು ಸೀರೆ ಉಡಿಸಿ ಹಾಳೆಯ ಮೇಲೆ ಸಹಿ ಹಾಕಿಸಿಕೊಳ್ಳುವುದು ನಮಗಂತೂ ಒಪ್ಪಿಗೆಯಿಲ್ಲ.

ಬದುಕಿರುವಾಗಲೇ ಎಲ್ಲವನ್ನೂ ಮಕ್ಕಳಿಗೆ ದಾನಪತ್ರ ಮಾಡಿಕೊಡಲು ಅವಸರ ಬೇಡ. ಮಾಡಲೇಬೇಕಿದ್ದರೆ ಕೊನೆಗಾಲದವರೆಗೆ ಊಟ, ಔಷಧಿ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿರಿ. ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದುಪಡಿಸುವಂತೆ 2007ರ ಹಿರಿಯ ನಾಗರಿಕರ ಕಾಯಿದೆಯಂತೆ ಉಪವಿಭಾಗಾಧಿಕಾರಿಯವರಲ್ಲಿ ಕೇಳಬಹುದು.

ಉಯಿಲು ಎಲ್ಲಿದೆಯೆಂದು ಮನೆಯಾಕೆಗೆ ಹೇಳಿಡಿರಿ. ಅಟ್ಟದ ಮೇಲಿನ ಗೆದ್ದಲು ಹಿಡಿದ ಪೆಟ್ಟಿಗೆಯಲ್ಲಂತೂ ಇಡಬೇಡಿರಿ.