ಬಣ್ಣದ ಕೆಳಗಿನ ಬೆನ್ನೆಲುಬು

ಇಟಲಿಯ ಟ್ಯೂರಿನ್ ನಗರದ ಲಾಂಚಿಯಾ ಕಾರ್ಖಾನೆಯವರು 1951ರಲ್ಲಿ ‘ಔರೇಲಿಯಾ ಬಿ-20 ಜಿ.ಟಿ.’ ಎಂಬ ಕಾರನ್ನು ಹೊರತಂದರು. ಅದೇ ವರ್ಷ ಮಿಲ್ಲೆ ಮಿಲ್ಯಾ ಪಂದ್ಯದಲ್ಲಿ ಎರಡು ಲೀಟರ್ ಎಂಜಿನ್ನಿನ ಈ ಕಾರು, ಇಮ್ಮಡಿ ದೊಡ್ಡ ಎಂಜಿನ್ನಿನ ಫೆರಾರಿಯೊಂದಕ್ಕೆ ಮಾತ್ರ ಸೋತು ಎರಡನೆಯದಾಗಿ ಬಂದಿತು.

ಇದಕ್ಕೆ ಪ್ರತ್ಯೇಕ ಚೌಕಟ್ಟಿಲ್ಲ. ಬೆಸೆದ ಉಕ್ಕಿನ ಒಡಲೇ ಬೆನ್ನೆಲುಬು. ತುಕ್ಕು ಹಿಡಿಯಿತೆಂದರೆ ಒಡೆಯನಿಗೆ ಧರ್ಮಸಂಕಟ. ಕೊಳೆತ ತಗಡನ್ನು ಕತ್ತರಿಸದಿದ್ದರೆ ಕಾರು ರಸ್ತೆಗಿಳಿಯದು. ಎಲ್ಲವನ್ನೂ ಬದಲಿಸಿದರೆ ಉಳಿಯುವುದು ಹೆಸರೊಂದೇ. ಕಾರಿನ ತವರೂರಿನ ಹೆಸರನ್ನೇ ಹೊತ್ತ ಟ್ಯೂರಿನ್ ಸನ್ನದು ಹಳೆಯ ವಾಹನಗಳಿಗೆ ದಾರಿ ತೋರಿದೆ: ಮೊದಲು ಇದ್ದುದನ್ನು ಉಳಿಸಬೇಕು, ಬದಲಿಸಿದುದನ್ನು ಬರೆದಿಡಬೇಕು. ಓಡಿಸಲೂ ಬೇಕು. ಓಡಿಸಿದರೆ ತಾನೆ ತಿಳಿಯುವುದು, ಬೆಸುಗೆ ಎಲ್ಲಿ ನರಳುತ್ತದೆಂದು!