ವಾಡೆಗಳ ಚರಿತ್ರೆ ಯಾರ ಚರಿತ್ರೆ?

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ದೇಶಮುಖ, ಗೌಡ, ಜಾಗೀರದಾರರ ಹಳೆಯ ವಾಡೆಗಳು ನೆಲಕ್ಕೊರಗುತ್ತಿವೆ. ಅವುಗಳನ್ನು ಉಳಿಸಬೇಕೆಂಬುದು ಯೋಗ್ಯವಾದ ಮಾತೇ ಸರಿ. ಆದರೆ ಗೋಡೆಗಳನ್ನು ಉಳಿಸಿ ಅವುಗಳ ಕಥೆಯನ್ನು ಕಳೆದುಕೊಂಡರೆ ಫಲವೇನು?

ನೆರೆಯ ಸುರಪುರದ ಟೇಲರ್ ಮಂಜಿಲನ್ನೇ ನೋಡಿರಿ. ಗುಡ್ಡದ ಮೇಲಿನ ಆ ಬಂಗಲೆಯನ್ನು ಕಟ್ಟಿಸಿದ ಮೆಡೋಸ್ ಟೇಲರರು, ರಾಜಾ ವೆಂಕಟಪ್ಪನಾಯಕರು ಇನ್ನೂ ಬಾಲಕರಾಗಿದ್ದಾಗ, 1841ರಿಂದ 1853ರವರೆಗೆ ಸಂಸ್ಥಾನದ ಕಾರಭಾರವನ್ನು ನೋಡಿಕೊಂಡರು. ರಾಜರು ಅವರನ್ನು ಅಪ್ಪಾ ಎಂದು ಕರೆಯುತ್ತಿದ್ದರು. ಅದೇ ರಾಜರು 1858ರಲ್ಲಿ ಆಂಗ್ಲರ ವಿರುದ್ಧ ಎದ್ದು, ಸೆರೆಸಿಕ್ಕು, ಬಂದಿಯಾಗಿ ಸಾಗುವ ದಾರಿಯಲ್ಲಿ ಗುಂಡೇಟಿನಿಂದ ಮಡಿದರು. ಸಂಸ್ಥಾನವು ನಿಜಾಮರ ಪಾಲಾಯಿತು. ಇದೆಲ್ಲ ಇಂದು ನಮಗೆ ತಿಳಿದಿರುವುದಕ್ಕೆ ಟೇಲರರ ಲೇಖನಿಯೂ ಒಂದು ಕಾರಣ; ಅವರ ಆತ್ಮಕಥೆಯು 1877ರಲ್ಲಿ ಅಚ್ಚಾಯಿತು. ಜೇವರ್ಗಿಯ ಬಳಿಯ ಪ್ರಾಚೀನ ಶಿಲಾಸಮಾಧಿಗಳನ್ನು ಅಗೆಯಿಸಿ, ಅವುಗಳ ವಿವರವನ್ನೂ ಅವರು ಬರೆದಿಟ್ಟರು. ಆದರೆ ಅವರ ಬಂಗಲೆಗೆ ಕಲ್ಲು ಹೊತ್ತವರಾರೆಂದು ಕೇಳುವವರು ಎಲ್ಲಿದ್ದಾರೆ?

ವಾಡೆಗಳ ವಿಷಯದಲ್ಲಿಯೂ ಇದೇ ಪ್ರಶ್ನೆ. ಹೆಬ್ಬಾಗಿಲ ಒಳಗೆ ಹಗೇವುಗಳನ್ನು ತುಂಬಿದ ಜೋಳವನ್ನು ಬೆಳೆದವರಾರು? ಬಿಟ್ಟಿ ಚಾಕರಿಗೆ ಬರುತ್ತಿದ್ದ ಮನೆತನಗಳಾವುವು? ಉತ್ತರವು ಮೋಡಿ, ಉರ್ದು, ಕನ್ನಡ ಬರಹದ ಹಳೆಯ ದಫ್ತರಗಳಲ್ಲಿಯೂ ಮುದುಕರ ನೆನಪಿನಲ್ಲಿಯೂ ಅಡಗಿದೆ. 1949ರ ಅಗಸ್ಟ 15ರಂದು ಹೈದರಾಬಾದು ಸಂಸ್ಥಾನದಲ್ಲಿ ಜಾಗೀರುಗಳು ರದ್ದಾದವು. 1950ರ ಸಂವಿಧಾನವು ತನ್ನ 23ನೆಯ ವಿಧಿಯಿಂದ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. ಅಧಿಕಾರ ಹೋದ ಮೇಲೆ ದಫ್ತರಗಳ ಬೆಲೆಯೂ ಹೋಯಿತು. ಗೆದ್ದಲು ತಿಂದುದೆಷ್ಟೋ, ರದ್ದಿಗೆ ಹೋದುದೆಷ್ಟೋ!

ಹಳೆಯ ಗಾಯವನ್ನು ಕೆದಕುವುದೇಕೆಂದು ಕೆಲವರು ಕೇಳಬಹುದು. ಅಮೇರಿಕೆಯ ಲೂಯಿಜಿಯಾನಾ ಪ್ರಾಂತದಲ್ಲಿ ಕಬ್ಬಿನ ತೋಟಗಳ ಧಣಿಗಳ ಮಹಲುಗಳನ್ನು ಬಹುಕಾಲ ಕೇವಲ ಕಂಬಗಳ ಸೊಬಗಿಗಾಗಿ ತೋರಿಸುತ್ತಿದ್ದರು. 2014ರಲ್ಲಿ ತೆರೆದ ವಿಟ್ನಿ ತೋಟದ ವಸ್ತುಸಂಗ್ರಹಾಲಯವಾದರೋ ಅಲ್ಲಿ ದುಡಿದ ಗುಲಾಮರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿ, ಅವರ ಕಥೆಯನ್ನೇ ಮುಂದಿಟ್ಟಿತು. ನಮ್ಮ ಬಿಟ್ಟಿಯೂ ಅಲ್ಲಿಯ ಗುಲಾಮಗಿರಿಯೂ ಒಂದೇ ಅಲ್ಲ. ಆದರೂ ದುಡಿದವರನ್ನು ಮರೆತ ಚರಿತ್ರೆಯು ಅರ್ಧ ಚರಿತ್ರೆ ಎಂಬುದು ಎರಡು ಕಡೆಗೂ ಸಲ್ಲುವ ಮಾತು. ಇದರಿಂದ ಇಂದಿನ ವಾಡೆಯವರ ಮರ್ಯಾದೆಗೆ ಕುಂದಿಲ್ಲ; ದಫ್ತರವನ್ನು ತಾವಾಗಿಯೇ ತೆರೆದು ಕೊಡುವವರ ಮರ್ಯಾದೆ ಹೆಚ್ಚುವುದು.

ಆದುದರಿಂದ ಮೂರೂ ತಾಲೂಕುಗಳ ತಹಸೀಲದಾರರು ವಾಡೆಗಳ ಯಾದಿಯನ್ನು ಮಾಡಿಸಲಿ. ರಾಜ್ಯ ಪತ್ರಾಗಾರವೂ ಗುಲಬರ್ಗಾ ವಿಶ್ವವಿದ್ಯಾಲಯವೂ ದಫ್ತರಗಳ ಪ್ರತಿಗಳನ್ನು ತೆಗೆದುಕೊಂಡು ಮೂಲವನ್ನು ಒಡೆಯರಿಗೇ ಮರಳಿಸಲಿ. ಮೋಡಿ ಓದಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿರುವುದರಿಂದ ಅವರನ್ನು ಮೊದಲು ಕರೆಯಿಸಲಿ. ಶಾಲೆಯ ಮಾಸ್ತರರು ಊರ ಹಿರಿಯರ ಬಾಯಿಂದ ಬಿಟ್ಟಿ ದುಡಿದ ಮನೆತನಗಳ ಕಥೆಯನ್ನು ಬರೆದುಕೊಳ್ಳಲಿ. ಗೋಡೆಯ ದುರಸ್ತಿಯು ಒಂದು ವರ್ಷ ತಡವಾದರೂ ನಡೆದೀತು; ಈ ಕೆಲಸವನ್ನು ಬರುವ ಮಳೆಗಾಲದೊಳಗೆ ತೊಡಗಲೇಬೇಕು.