ಕಿಟಕಿ ಪರದೆಯ ಗೌನು, ನಮ್ಮಕ್ಕನ ಗೌನು

ಗೆಳೆಯರೇ, ಈ ವಾರ ಫೈಟಿಂಗ್ ಇಲ್ಲ, ಕಟೌಟ್ ಇಲ್ಲ, ಯಾರ ಪಿಕ್ಚರ್ ಎಷ್ಟು ದಿನ ಓಡಿತು ಅನ್ನೋ ಜಗಳವೂ ಇಲ್ಲ. ಈ ವಾರ ಹೊಲಿಗೆ! ಪುಟ ತಿರುಗಿಸಬೇಡಿ ಸ್ವಾಮಿ. ಹೀರೋಯಿನ್ ಗೌನು ಹಾಕ್ಕೊಂಡು ಮೆಟ್ಟಿಲು ಇಳಿದು ಬರುವಾಗ ಶಿಳ್ಳೆ ಹೊಡೆದವರು ನಾವೇ ತಾನೆ? ಅದನ್ನ ಹೊಲಿದದ್ದು ಯಾರು ಅಂತ ಒಂದು ಸಲವಾದರೂ ಕೇಳಿದ್ದೀವಾ?

ಪರದೆ ಅಂದರೆ ನಮ್ಮಂಥವರಿಗೆ ಥಿಯೇಟರಿನ ಪರದೆ. ಆದರೆ ಹಾಲಿವುಡ್ಡಿನ ಬಲು ಹೆಸರುವಾಸಿ ಗೌನೊಂದು ಹುಟ್ಟಿದ್ದು ಕಿಟಕಿ ಪರದೆಯಿಂದ. 1939ರ ‘ಗಾನ್ ವಿತ್ ದಿ ವಿಂಡ್’ ಚಿತ್ರದಲ್ಲಿ. ಯುದ್ಧದಲ್ಲಿ ಎಲ್ಲ ಕಳಕೊಂಡ ಸ್ಕಾರ್ಲೆಟ್‌ಗೆ ಜಮೀನಿನ ಕಂದಾಯ ಕಟ್ಟೋಕೆ 300 ಡಾಲರ್ ಬೇಕು. ದುಡ್ಡಿರುವ ರೆಟ್ ಬಟ್ಲರ್ ಹತ್ತಿರ ಹರಕು ಬಟ್ಟೇಲಿ ಹೋದರೆ ಮರ್ಯಾದೆ ಉಳಿಯುತ್ತಾ? ಅಮ್ಮನ ಕಾಲದ ಹಸಿರು ವೆಲ್ವೆಟ್ ಪರದೆ ಕಣ್ಣಿಗೆ ಬೀಳುತ್ತೆ. ಪರದೆ ಇಳಿಯಿತು, ಗೌನು ಆಯಿತು. ಪರದೆ ಕಟ್ಟುವ ಹುರಿಯೇ ಸೊಂಟಕ್ಕೆ ಪಟ್ಟಿ! ರೆಟ್ ಮೊದಲು ಬೆರಗಾಗಿ ನೋಡ್ತಾನೆ. ಆಮೇಲೆ ಅವಳ ಅಂಗೈ ನೋಡ್ತಾನೆ. ಹೊಲದಲ್ಲಿ ದುಡಿದು ಒರಟಾದ ಕೈ. ಗೌನು ಮುಚ್ಚಿಟ್ಟದ್ದನ್ನ ಕೈ ಹೇಳಿಬಿಡುತ್ತೆ. ವಿವಿಯನ್ ಲೀ, ಕ್ಲಾರ್ಕ್ ಗೇಬಲ್ ಇಬ್ಬರೂ ಅಲ್ಲಿ ಏನು ನಟನೆ ಅಂತೀರಿ!

ಈ ಗೌನು ರೂಪಿಸಿದ ವಸ್ತ್ರವಿನ್ಯಾಸಕ ವಾಲ್ಟರ್ ಪ್ಲಂಕೆಟ್. ಅದು ಈಗ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಹ್ಯಾರಿ ರ‍್ಯಾನ್ಸಮ್ ಸೆಂಟರಿನಲ್ಲಿದೆ. 2010ರಲ್ಲಿ ಆ ಚಿತ್ರದ ಗೌನುಗಳು ಜೀರ್ಣವಾಗಿವೆ, ರಿಪೇರಿಗೆ 30,000 ಡಾಲರ್ ಬೇಕು ಅಂದಾಗ ಅಭಿಮಾನಿಗಳೇ ಚಂದಾ ಎತ್ತಿ ಕೊಟ್ಟರು. ನಾವು ಕಟೌಟಿಗೆ ಹಾಲು ಸುರೀತೀವಿ, ಅವರು ಗೌನಿಗೆ ದುಡ್ಡು ಸುರಿದರು. ಅಭಿಮಾನ ಅಂದ್ರೆ ಅಭಿಮಾನ! 1976ರಲ್ಲಿ ಕ್ಯಾರಲ್ ಬರ್ನೆಟ್ ಅನ್ನೋ ಹಾಸ್ಯನಟಿ ಟೀವಿಯಲ್ಲಿ ಈ ದೃಶ್ಯವನ್ನ ಗೇಲಿ ಮಾಡಿದಾಗ, ಪರದೆಯ ಸರಳನ್ನೂ ತೆಗೀದೆ ಭುಜದ ಮೇಲೆ ಹೊತ್ತು ಮೆಟ್ಟಿಲಿಳಿದು ಬಂದಳು. ಆ ಗೇಲಿಯ ಗೌನೂ ಮ್ಯೂಸಿಯಂ ಸೇರಿದೆ.

ಆದರೆ ಕಥೆಯಲ್ಲಿ ಆ ಗೌನು ಹೊಲಿಯುವವಳು ಸ್ಕಾರ್ಲೆಟ್ ಅಲ್ಲ, ಮನೆಯ ಆಳು ಮ್ಯಾಮಿ. ಪಾತ್ರ ಮಾಡಿದವರು ಹ್ಯಾಟಿ ಮೆಕ್‌ಡೇನಿಯಲ್. ಕಪ್ಪು ಬಣ್ಣದವರು ಅನ್ನೋ ಒಂದೇ ಕಾರಣಕ್ಕೆ 1939ರ ಡಿಸೆಂಬರಿನಲ್ಲಿ ಅಟ್ಲಾಂಟದ ಮೊದಲ ಪ್ರದರ್ಶನಕ್ಕೆ ಅವರು ಹೋಗುವ ಹಾಗಿರಲಿಲ್ಲ. 1940ರಲ್ಲಿ ಅದೇ ಪಾತ್ರಕ್ಕೆ ಆಸ್ಕರ್ ಬಂತು, ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಕಲಾವಿದೆ. ಆ ರಾತ್ರಿಯೂ ಅವರನ್ನ ಕೂರಿಸಿದ್ದು ಬೇರೆ ಮೇಜಿಗೆ. ಗೌನು ಹೊಲಿದವಳಿಗೆ ಪಂಕ್ತೀಲಿ ಜಾಗ ಇಲ್ಲ!

ಇದೆಲ್ಲ ನಿನಗ್ಯಾಕಯ್ಯ ಅಂತೀರಾ? ಹೇಳ್ತೀನಿ. ನಮ್ಮ ಮನೇಲೂ ಗೌನು ಹೊಲಿದಿದ್ದಾರೆ. ಒಂದಲ್ಲ, ಎರಡು.

2016ರಲ್ಲಿ ತಿಪಟೂರಿನಲ್ಲಿ ಚಿಕ್ಕಪ್ಪನ ಮಗಳ ಆರತಕ್ಷತೆ. ಅದರ ಹಿಂದಿನ ವರ್ಷ ಬಂದಿದ್ದ ‘ಸಿಂಡ್ರೆಲಾ’ ನೋಡಿ ನಮ್ಮ ತಂಗಿಗೆ ಹುಚ್ಚು ಹಿಡಿದಿತ್ತು. ಆ ನೀಲಿ ಗೌನಿಗೆ 10,000 ಹರಳು ಕೂರಿಸಿದ್ದರಂತೆ. ನಮ್ಮಲ್ಲಿ ಬಾಡಿಗೆ ಗೌನಿಗೇ ದಿನಕ್ಕೆ ಎರಡು ಸಾವಿರ ಕೇಳಿದರು. ಹೊಲಿಗೆ ಕ್ಲಾಸಿಗೆ ಹೋಗಿದ್ದ ಅಕ್ಕ, ‘ಅದೇ ಪಿಕ್ಚರ್‌ನಲ್ಲಿ ಅವಳು ಮೊದಲು ಅಮ್ಮನ ಹಳೇ ಗೌನನ್ನ ತಾನೇ ಸರಿಮಾಡ್ಕೊಳಲ್ವಾ? ನಾವೂ ಮಾಡೋಣ ಬಾರೇ’ ಅಂದಳು. ಅಮ್ಮ ತಾವಾಗೇ ಬೀರು ತೆಗೆದು ಮೈಸೂರು ಕ್ರೇಪ್ ಸೀರೆ ಕೊಟ್ಟರು. ಅಕ್ಕ ಕತ್ತರಿ ಹಿಡಿದಾಗ ಮಾತ್ರ ಹಿತ್ತಲಿಗೆ ಹೋದವರು ಸುಮಾರು ಹೊತ್ತು ಬರಲಿಲ್ಲ.

ರೇಷ್ಮೆ ಸೀರೆ ತಂಗಿಗೆ. ಜರಿಯಂಚು ಕೆಳಗೆ ಬರಬೇಕಾದರೆ ಬಟ್ಟೆಯನ್ನ ನೇರ ಇಟ್ಟು ನೆರಿಗೆ ಹಿಡೀಬೇಕು. ಮೂರೂವರೆ ಮೀಟರ್ ನೆರಿಗೆಗೆ, ಉಳಿದದ್ದು ಮತ್ತೆ ಸೆರಗು ಮೇಲುಭಾಗಕ್ಕೆ. ತನಗೆ ಕಟ್‌ಪೀಸ್ ಅಂಗಡಿಯ ಸಾದಾ ನೀಲಿ ಜಾರ್ಜೆಟ್, ಅಂಬ್ರೆಲಾ ಕಟ್. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ವೃತ್ತದ ಲೆಕ್ಕ ತಲೆಗೆ ಹತ್ತಿದ್ದು ಅವತ್ತೇ. ‘ಸೊಂಟದ ಅಳತೇನ ಆರೂಕಾಲರಿಂದ ಭಾಗಿಸು’ ಅಂದಳು. 28 ಇಂಚಿಗೆ ನಾಲ್ಕೂವರೆ ಬಂತು. ಅಷ್ಟು ಇಂಚು ಬಿಟ್ಟು ಒಳಗಿನ ಗೆರೆ, 44 ಇಂಚಿಗೆ ಹೊರಗಿನ ಗೆರೆ. ಬಟ್ಟೆಯ ಪನ್ನವೂ 44! ಎರಡು ಅರ್ಧಚಂದ್ರಕ್ಕೆ ನಾಲ್ಕೂವರೆ ಮೀಟರ್, ಮೇಲುಭಾಗಕ್ಕೆ ಒಂದು ಮೀಟರ್. ಒಳಗೆ ಕಾಟನ್ ಲೈನಿಂಗ್, ಉಬ್ಬೋದಕ್ಕೆ ಕ್ಯಾನ್‌ಕ್ಯಾನ್ ಬಲೆ. ಕಚ್ಚಾ ಹೊಲಿಗೆ ಹಾಕಿ ಒಂದು ದಿನ ಪೂರ್ತಿ ತೂಗುಹಾಕಿದಳು. ಅಂಬ್ರೆಲಾ ಕಟ್ಟಿನಲ್ಲಿ ಬಟ್ಟೆ ಓರೆಯಾಗಿ ಬರೋ ಕಡೆ ಜೋತು ಕೆಳಗಿಳಿಯುತ್ತೆ, ಇಳಿದ ಮೇಲೇ ಅಂಚು ಸಮ ಮಾಡಬೇಕು. ಅವಸರ ಮಾಡಿದರೆ ಗೌನು ಒಂದು ಕಡೆ ನೆಲ ಗುಡಿಸುತ್ತೆ, ಇನ್ನೊಂದು ಕಡೆ ಪಾದ ಕಾಣುತ್ತೆ.

ನನ್ನ ಪಾಲಿಗೆ ಬಾಬಿನ್ ಸುತ್ತೋದು, ತಪ್ಪು ಹೊಲಿಗೆ ಬಿಚ್ಚೋದು. ಗೆಳೆಯರು ಕಿಟಕೀಲಿ ಇಣುಕಿ ‘ಏನಮ್ಮಾ ಟೈಲರಮ್ಮ’ ಅಂದರು. ನನಗೆ ಉರೀತು. ಕೊನೆಗೆ ಇಸ್ತ್ರಿ ಕೆಲಸಾನೂ ನನಗೇ ಬಿತ್ತು. ರೇಷ್ಮೆ ಚೆನ್ನಾಗೇ ಆಯ್ತು. ಜಾರ್ಜೆಟ್‌ಗೆ ಶಾಖ ಕಮ್ಮಿ ಮಾಡಬೇಕು ಅಂತ ಅಕ್ಕ ಎರಡು ಸಲ ಹೇಳಿದ್ದಳು. ನಾನು ಸಿಟ್ಟಿನಲ್ಲಿ, ಮೊಬೈಲಿನಲ್ಲಿ ಸ್ಕೋರು ನೋಡ್ತಾ... ಒಂದೇ ಒಂದು ಸಲ ಒತ್ತಿದೆ. ಹಿಂಭಾಗದಲ್ಲಿ, ಸೊಂಟಕ್ಕಿಂತ ಸ್ವಲ್ಪ ಕೆಳಗೆ, ಬಟ್ಟೆ ಕರಗಿ ಇಸ್ತ್ರಿಪೆಟ್ಟಿಗೆಗೆ ಅಂಟಿಕೊಂಡಿತು.

ಅಕ್ಕ ಬಯ್ಯಲಿಲ್ಲ. ನೋಡಿದಳು. ‘ಹಿಂದೆ ತಾನೆ, ಬಿಡು’ ಅಂದಳು. ಮಿಕ್ಕ ಚೂರಿನಲ್ಲಿ ತೇಪೆ ಹಾಕಿದಳು, ಕಾಣ್ತಾನೇ ಇತ್ತು. ಆರತಕ್ಷತೆಯಲ್ಲಿ ತಂಗಿ ಬುಗುರಿ ಥರ ಗಿರಗಿರ ತಿರುಗಿ ಎಲ್ಲರ ಕಣ್ಣು ಸೆಳೆದಳು. ‘ಯಾವ ಅಂಗಡೀದಮ್ಮಾ?’ ಅಂತ ಕೇಳದವರಿಲ್ಲ. ಅಕ್ಕ ಎಲ್ಲಿದ್ದಳು ಅಂತ ನಾನು ನೋಡಲೇ ಇಲ್ಲ. ಎರಡನೇ ಪಂಕ್ತೀಲಿ ಹೋಳಿಗೆ ಬಡಿಸ್ತಾ ಇದ್ದರು.

2020ರಲ್ಲಿ ಬೆಂಗಳೂರಿನ ಥಿಯೇಟರೊಂದರಲ್ಲಿ ‘ಲಿಟಲ್ ವಿಮೆನ್’ ನೋಡ್ತಾ ಕೂತಿದ್ದೆ. 1868ರ ಕಾದಂಬರಿ. 1933, 1949, 1994, 2019... ಹಾಲಿವುಡ್ಡಿಗೆ ಈ ಕಥೆ ಸಾಕಾಗೋದೇ ಇಲ್ಲ. ಮೊದಲೆರಡಕ್ಕೆ ಉಡುಪು ಮಾಡಿದ್ದು ಅದೇ ಪರದೆ ಗೌನಿನ ಪ್ಲಂಕೆಟ್. ಬಡ ಮನೆಯ ಅಕ್ಕತಂಗಿಯರು ಮೆಗ್, ಜೋ ಇಬ್ಬರೂ ನೃತ್ಯಕೂಟಕ್ಕೆ ಹೋಗ್ತಾರೆ. ಜೋಳ ಗೌನಿನ ಹಿಂಭಾಗ ಸುಟ್ಟಿದೆ. ಅವಳು ಬೆನ್ನು ಯಾರಿಗೂ ಕಾಣದ ಹಾಗೆ ನಿಲ್ಲಬೇಕು. ಜನ ನಗ್ತಾ ಇದ್ದರು. ನನಗೆ ತಟ್ಟಂತ ಆರತಕ್ಷತೆಯ ಆಲ್ಬಂ ನೆನಪಾಯ್ತು. ಊರಿಗೆ ಹೋದಾಗ ತೆಗೆದು ನೋಡಿದೆ. ಹನ್ನೊಂದು ಫೋಟೋದಲ್ಲಿ ಅಕ್ಕ ಇದ್ದಾಳೆ. ಹನ್ನೊಂದರಲ್ಲೂ ಬೆನ್ನು ಕಂಬಕ್ಕೆ.

ಫೋನ್ ಮಾಡಿ ಕಥೆ ಹೇಳಿದೆ. ಕ್ಷಮಿಸು ಅನ್ನೋ ಮಾತು ಬಾಯಿಗೆ ಬರಲಿಲ್ಲ, ಪಿಕ್ಚರ್ ಕಥೆ ಮಾತ್ರ ಬಂತು. ಅಕ್ಕ ಪೂರ್ತಿ ಕೇಳಿ, ‘ಅವಳದ್ದು ಅವಳೇ ಬೆಂಕಿ ಹತ್ತಿರ ನಿಂತು ಸುಟ್ಕೊಂಡದ್ದು ಕಣೋ. ನಂದು ಸುಟ್ಟದ್ದು ನೀನು’ ಅಂತ ನಕ್ಕಳು. ಪುಸ್ತಕ ನನಗಿಂತ ಮೊದಲೇ ಓದಿದ್ದಾಳೆ! ಆಮೇಲೆ, ‘ಆ ಪಿಕ್ಚರಿಗೆ ಬಟ್ಟೆ ಹೊಲಿದವರು ಯಾರು?’ ಅಂತ ಕೇಳಿದಳು.

‘ಜಾಕ್ವೆಲಿನ್ ಡುರಾನ್. ಆಸ್ಕರ್ ಬಂದಿದೆ’ ಅಂದೆ ಜಂಬದಿಂದ.

‘ಅವರು ಡಿಸೈನ್ ಮಾಡಿದವರು. ಹೊಲಿದವರು?’

ಕೊನೆಯ ಹೆಸರುಗಳು ಬರುವಾಗ ನಾನು ಸ್ಟ್ಯಾಂಡಿನಲ್ಲಿ ಬೈಕ್ ತೆಗೀತಾ ಇದ್ದೆ.